ಪ್ರಾಚೀನ ಈಜಿಪ್ಟಿನ ಸಾಹಸ ಚಿತ್ರಕಥೆಗಳು: ಯಾವುದು ಯಾರಿಗೆ?

ಮುಖಪುಟದಲ್ಲಿ ಒಂದು ಪಿರಮಿಡ್ಡು, ಒಳಗೊಂದು ಮಮ್ಮಿ, ಗೋಡೆಯ ಹಿಂದೆ ಗುಪ್ತದ್ವಾರ, ಅದರಾಚೆ ಸತ್ತ ಅರಸನ ಶಾಪ. ಇಷ್ಟನ್ನು ಕೂಡಿಸಿಬಿಟ್ಟರೆ ಈಜಿಪ್ಟಿನ ಸಾಹಸಕಥೆ ಸಿದ್ಧವಾಯಿತೆಂದು ನಂಬಿದ, ಕಾಮಿಕ್ಸ್ ಮಾಡುವ ಚಿತ್ರಕಥೆಗಾರರು ಯುರೋಪಿನಲ್ಲಿಯೂ ಜಪಾನಿನಲ್ಲಿಯೂ ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ಇಂಥ ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಕ್ಕಳ ಕೈಗೆ ಕೊಡಬೇಕು, ಯಾವುದನ್ನು ನಾವೇ ಓದಲು ಇಟ್ಟುಕೊಳ್ಳಬೇಕು ಎಂಬುದು ಮುಖಪುಟ ನೋಡಿ ತಿಳಿಯುವ ಸಂಗತಿಯಲ್ಲ. ಇವುಗಳನ್ನು ವಿಂಗಡಿಸಲು ನಾನು ಬಳಸುವ ಪ್ರಶ್ನೆ ಒಂದೇ: ಕಥೆಯ ನಾಯಕನಿಗೆ ಈಜಿಪ್ಟು ಸ್ವಂತ ಊರೋ, ಅಥವಾ ಬಂದು ನೋಡಿ ಹೋಗುವ ಪರಸ್ಥಳವೋ? ಚಿತ್ರಗಳ ಬಗೆ, ಹಾಸ್ಯದ ಪ್ರಮಾಣ, ಇತಿಹಾಸದ ಬಗೆಗಿನ ನಿಷ್ಠೆ ಇವೆಲ್ಲವೂ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅನುಸರಿಸುತ್ತವೆ.

ಸ್ವಂತ ಊರು ಎನ್ನುವ ಗುಂಪಿನಲ್ಲಿ ಮೊದಲು ನಿಲ್ಲುವುದು ಬೆಲ್ಜಿಯಂನ ‘ಪಪೈರಸ್’ ಸರಣಿ. ಅದರ ಕರ್ತೃ ಲ್ಯೂಸಿಯೆನ್ ದ ಗೀಟರ್. ಸ್ಮರ್ಫ್ ಎಂಬ ಪುಟ್ಟ ನೀಲಿ ಪಾತ್ರಗಳನ್ನು ಸೃಷ್ಟಿಸಿದ ಪೇಯೊ ಅವರ ಜೊತೆಗೆ ಕೆಲಸ ಮಾಡಿದ್ದ ಈತ 1974ರಲ್ಲಿ ‘ಸ್ಪಿರೂ’ ವಾರಪತ್ರಿಕೆಯಲ್ಲಿ ಈ ಕಥೆಯನ್ನು ಆರಂಭಿಸಿದರು. ದ್ಯುಪುಯಿ ಪ್ರಕಾಶನದಿಂದ ಮೊದಲ ಸಂಪುಟ 1978ರಲ್ಲಿಯೂ ಮೂವತ್ತಮೂರನೆಯದೂ ಕೊನೆಯದೂ ಆದ ಸಂಪುಟ 2015ರಲ್ಲಿಯೂ ಹೊರಬಂದವು. ನಾಯಕ ಪಪೈರಸ್ ಒಬ್ಬ ಬೆಸ್ತರ ಹುಡುಗ. ಮೊಸಳೆ ದೇವರಾದ ಸೊಬೆಕ್‌ನ ಮಗಳು ಅವನಿಗೆ ಒಂದು ಮಾಂತ್ರಿಕ ಖಡ್ಗವನ್ನು ಕೊಡುತ್ತಾಳೆ. ಫೇರೋ, ಅಂದರೆ ಈಜಿಪ್ಟಿನ ಅರಸ, ಮೆರ್ನೆಪ್ಟಾನ ಮಗಳಾದ ರಾಜಕುಮಾರಿ ಥೇಟಿ-ಶೇರಿಯನ್ನು ಕಾಯುವ ಹೊಣೆ ಅವನ ಮೇಲೆ ಬೀಳುತ್ತದೆ. ಹಳೆಯ ಚಂದಮಾಮದ ಧಾರಾವಾಹಿಗಳನ್ನು ಓದಿ ಬೆಳೆದವರಿಗೆ ಈ ಚೌಕಟ್ಟು ಹೊಸದೆನಿಸುವುದಿಲ್ಲ. ಬಡವರ ಮನೆಯ ಧೈರ್ಯಶಾಲಿ ಹುಡುಗ, ಹಟಮಾರಿ ರಾಜಕುಮಾರಿ, ದೇವತೆ ಕೊಟ್ಟ ಆಯುಧ, ಅರಮನೆಯೊಳಗಿನ ಸಂಚು ಎಲ್ಲವೂ ಇಲ್ಲಿವೆ. ಮಾಂತ್ರಿಕನ ಗುಹೆ ಇರುವ ಜಾಗದಲ್ಲಿ ಪೂಜಾರಿಗಳ ನೆಲಮಾಳಿಗೆ ಇದೆ, ಅಷ್ಟೆ.

ಸರಣಿಯ ನಿಜವಾದ ಬಲ ಕಥೆಯಲ್ಲಿಲ್ಲ, ಜಾಗಗಳಲ್ಲಿದೆ. ಆರಂಭದ ಸಂಪುಟಗಳಲ್ಲಿ ಪೇಯೊ ಶಾಲೆಯ ದುಂಡುಮುಖದ ವ್ಯಂಗ್ಯಚಿತ್ರ ಶೈಲಿಯೇ ಮೇಲುಗೈಯಾಗಿದ್ದು, ಕಥೆಯೂ ಬಹುಪಾಲು ಮಾಯಾಜಾಲವಾಗಿತ್ತು. ಬರಬರುತ್ತಾ ದ ಗೀಟರ್ ಅವರ ಗಮನ ಕಟ್ಟಡಗಳ ಕಡೆಗೆ ಹೊರಳಿತು. ಒಂದೊಂದು ಸಂಪುಟವೂ ಒಂದೊಂದು ಸ್ಥಳವನ್ನು ಹಿಡಿದುಕೊಂಡು ಅದರ ಕಂಬ, ಕಿರುದಾರಿ, ಮೆಟ್ಟಿಲುಗಳನ್ನೆಲ್ಲ ಕಥೆಯ ಓಟಕ್ಕೆ ಬಳಸಿಕೊಳ್ಳತೊಡಗಿತು. ರಾಮ್ಸೆಸರ ಸೇಡಿನ ಕಥೆ ಹೇಳುವ ಏಳನೆಯ ಸಂಪುಟ ಅಬು ಸಿಂಬೆಲ್ಲಿನದು. ಬಂಡೆಯಲ್ಲಿ ಕೊರೆದ ಆ ಗುಡಿಯ ಮುಂದೆ ಸುಮಾರು 20 ಮೀಟರ್ ಎತ್ತರದ ನಾಲ್ಕು ಬೃಹತ್ ಮೂರ್ತಿಗಳಿವೆ. ಒಳಗಿನ ಗರ್ಭಗುಡಿಯಲ್ಲಿ ಪ್ಟಾ, ಅಮುನ್, ರಾ-ಹೊರಾಖ್ತಿ ಎಂಬ ದೇವರುಗಳ ಸಾಲಿನಲ್ಲಿ, ಗುಡಿ ಕಟ್ಟಿಸಿದ ಅರಸ ಎರಡನೆಯ ರಾಮ್ಸೆಸ್ ತಾನೂ ದೇವರಾಗಿ ಕುಳಿತಿದ್ದಾನೆ. ವರ್ಷಕ್ಕೆ ಎರಡು ಸಲ ಬೆಳಗಿನ ಬಿಸಿಲು ಅಲ್ಲಿಯವರೆಗೆ ಹೊಕ್ಕುತ್ತದೆ. ಇಂದು ಪ್ರವಾಸಿಗಳು ನೋಡುವುದು ಆಸ್ವಾನ್ ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ತುಂಡುತುಂಡಾಗಿ ಕತ್ತರಿಸಿ ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮರುಜೋಡಿಸಿದ ಗುಡಿ. ಚಿತ್ರಕಥೆಯಲ್ಲಿ ಅದು ಇನ್ನೂ ನೈಲ್ ನದಿಯ ದಡದಲ್ಲಿ ತನ್ನ ಹಳೆಯ ಜಾಗದಲ್ಲಿಯೇ ಇದೆ. ಛಾಯಾಚಿತ್ರಗಳು ಕೊಡಲಾರದ ಸುಖವೆಂದರೆ ಇದೇ. ಜೋಸರ್ ಅರಸನ ವಾಸ್ತುಶಿಲ್ಪಿ ಇಮ್ಹೊಟೆಪ್‌ನ ಹೆಸರನ್ನು ಹೊತ್ತ ಎಂಟನೆಯ ಸಂಪುಟ ಸಕ್ಕಾರಾಕ್ಕೆ ಹೋಗುತ್ತದೆ. ಜೋಸರ್ ಅರಸನಿಗಾಗಿ ಕಟ್ಟಿದ, ಆರು ಹಂತಗಳ, ಸುಮಾರು 60 ಮೀಟರ್ ಎತ್ತರದ ಮೆಟ್ಟಿಲು ಪಿರಮಿಡ್ಡು ಅಲ್ಲಿಯ ಮುಖ್ಯ ಆಕರ್ಷಣೆ. ಪಪೈರಸ್‌ನ ಕಾಲಕ್ಕೇ ಆ ಕಟ್ಟಡಕ್ಕೆ ಸಾವಿರದ ನಾನೂರು ವರ್ಷ ದಾಟಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಓದಿನ ರುಚಿಯೇ ಬೇರೆಯಾಗುತ್ತದೆ. ನಮಗೆ ಮಾತ್ರವಲ್ಲ, ಅವನಿಗೂ ಅದು ಪ್ರಾಚೀನ.

ದೋಷಗಳೂ ಇವೆ. ಮೂವತ್ತಮೂರು ಸಂಪುಟಗಳಲ್ಲಿ ರಾಜಕುಮಾರಿ ಅಪಾಯಕ್ಕೆ ಸಿಲುಕುವುದೂ ಹುಡುಗ ಧುಮುಕಿ ಬಿಡಿಸುವುದೂ ಎಷ್ಟು ಸಲ ಎಂದು ಲೆಕ್ಕ ಹಿಡಿಯುವವರಿಗೆ ಬೇಸರ ಬರುತ್ತದೆ. ಒಟ್ಟಿಗೆ ಏಳೆಂಟನ್ನು ಓದುವುದಕ್ಕಿಂತ ಬಿಟ್ಟು ಬಿಟ್ಟು ಓದುವುದು ಲೇಸು. ಇತಿಹಾಸದ ವಿಷಯದಲ್ಲಿಯೂ ಕಲ್ಲು ಕಂಬಗಳಿಗೆ ತೋರಿದ ನಿಷ್ಠೆಯನ್ನು ದ ಗೀಟರ್ ಮನುಷ್ಯರಿಗೆ ತೋರಿಲ್ಲ. ಮೆರ್ನೆಪ್ಟಾ ಕ್ರಿ.ಪೂ. 1213ರ ಸುಮಾರಿಗೆ ಪಟ್ಟಕ್ಕೆ ಬಂದು ಹತ್ತು ವರ್ಷ ಮಾತ್ರ ಆಳಿದವನು. ತಂದೆ ಎರಡನೆಯ ರಾಮ್ಸೆಸ್ ಅರವತ್ತಾರು ವರ್ಷ ಸಿಂಹಾಸನ ಬಿಟ್ಟಿಳಿಯದ ಕಾರಣ, ಹದಿಮೂರನೆಯ ಮಗನಾದ ಇವನಿಗೆ ಸರದಿ ಬರುವ ಹೊತ್ತಿಗೆ ವಯಸ್ಸು ಅರವತ್ತರ ಆಸುಪಾಸು. ಹದಿಹರೆಯದ ಮಗಳ ಬೆನ್ನುಹತ್ತಿ ಕೊರಗುವ ಚಿತ್ರಕಥೆಯ ತಂದೆಗೂ ಆ ಮುದಿ ಅರಸನಿಗೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಆದರೂ ಇಲ್ಲಿ ಕಳ್ಳನೂ ಈಜಿಪ್ಟಿನವನು, ಕಾವಲುಗಾರನೂ ಈಜಿಪ್ಟಿನವನು, ನಗಿಸುವ ಕುಳ್ಳನೂ ಈಜಿಪ್ಟಿನವನು. ಅವರ ನಾಡನ್ನು ಅವರಿಗೇ ವಿವರಿಸಲು ಹೊರಗಿನಿಂದ ಯಾವ ಪ್ರಾಧ್ಯಾಪಕನೂ ಬರುವುದಿಲ್ಲ. ಈ ಒಂದು ಕಾರಣಕ್ಕಾಗಿ ಉಳಿದ ದೋಷಗಳನ್ನು ನಾನು ಕ್ಷಮಿಸುತ್ತೇನೆ.

ಇಂಗ್ಲಿಷಿನಲ್ಲಿ ಓದುವವರು ಒಂದು ವಿಷಯವನ್ನು ತಿಳಿದಿರಬೇಕು. ಬ್ರಿಟನ್ನಿನ ಸಿನೆಬುಕ್ ಪ್ರಕಾಶನ ಈ ಸರಣಿಯ ಬೆರಳೆಣಿಕೆಯ ಸಂಪುಟಗಳನ್ನು ಮಾತ್ರ ಅನುವಾದಿಸಿದೆ, ಮತ್ತು ಅದು ಆರಂಭಿಸಿದ್ದು ಮೊದಲನೆಯದರಿಂದಲ್ಲ, ಮೇಲೆ ಹೇಳಿದ ಏಳನೆಯದರಿಂದ. ಖಡ್ಗ ಎಲ್ಲಿಂದ ಬಂತು, ಬೆಸ್ತರ ಹುಡುಗನಿಗೆ ಅರಮನೆಯಲ್ಲಿ ಇಷ್ಟು ಸಲಿಗೆ ಹೇಗೆ ಎಂಬ ಪೂರ್ವಕಥೆ ಹಾಗಾಗಿ ಕೈಗೆ ಸಿಗುವುದಿಲ್ಲ. ಇದರಿಂದ ದೊಡ್ಡ ನಷ್ಟವೇನಿಲ್ಲ, ಏಕೆಂದರೆ ಸಂಪುಟಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ; ಶೈಲಿ ಹದಕ್ಕೆ ಬಂದ ಮೇಲಿನ ಸಂಪುಟಗಳನ್ನೇ ಆರಿಸಿಕೊಂಡದ್ದು ಜಾಣತನವೂ ಹೌದು. ಅಬು ಸಿಂಬೆಲ್ಲಿನದನ್ನು ಮೊದಲು, ಸಕ್ಕಾರಾದ್ದನ್ನು ಆಮೇಲೆ, ಎಳೆಯ ವಯಸ್ಸಿನಲ್ಲಿ ತೀರಿಹೋದ ಅರಸ ಟುಟಾಂಖಾಮನ್‌ನ ಹೆಸರಿನದನ್ನು ಅನಂತರ ಓದುವುದು ಒಳ್ಳೆಯ ಕ್ರಮ. ಇದೇ ಕಥೆಗಳಿಂದ ಮಾಡಿದ 52 ಕಂತುಗಳ ಅನಿಮೇಷನ್ ಸರಣಿಯೂ ಇದೆಯಾದರೂ ಕಟ್ಟಡಗಳ ಆ ಸೂಕ್ಷ್ಮ ಗೆರೆಗಳು ಅಲ್ಲಿ ಉಳಿದಿಲ್ಲ.

ಪರಸ್ಥಳದವರ ಕಣ್ಣಿನ ಈಜಿಪ್ಟು ಬೇಕೆಂದರೆ ‘ಆಸ್ಟೆರಿಕ್ಸ್ ಮತ್ತು ಕ್ಲಿಯೋಪಾತ್ರ’ದಷ್ಟು ಪಕ್ಕಾ ಪುಸ್ತಕ ಬೇರೊಂದಿಲ್ಲ. ಗೊಸಿನಿ ಬರೆದು ಉದೆರ್ಜೊ ಚಿತ್ರಿಸಿದ ಇದು 1963ರಲ್ಲಿ ‘ಪಿಲೋಟ್’ ಪತ್ರಿಕೆಯಲ್ಲಿ ಆರಂಭವಾಗಿ 1965ರಲ್ಲಿ ಪುಸ್ತಕವಾಯಿತು. ಎಲಿಜಬೆತ್ ಟೇಲರ್ ನಟಿಸಿದ್ದ ದುಬಾರಿ ಚಲನಚಿತ್ರ ಬಂದದ್ದೂ 1963ರಲ್ಲಿಯೇ, ಪುಸ್ತಕ ಗುರಿಯಿಟ್ಟದ್ದೂ ಅದಕ್ಕೇ: ಈ ಪುಸ್ತಕವನ್ನು ತಯಾರಿಸಲು ಎಷ್ಟು ಲೀಟರ್ ಶಾಯಿ, ಎಷ್ಟು ಕುಂಚ, ಎಷ್ಟು ಪೆನ್ಸಿಲು ಖರ್ಚಾದವೆಂದು ಮುಖಪುಟವೇ ಜಂಬ ಕೊಚ್ಚುತ್ತದೆ. ಈಜಿಪ್ಟಿನವರು ಅವನತಿಗಿಳಿದ ಜನವೆಂದು ಸೀಸರ್ ಹಂಗಿಸಿದ್ದಕ್ಕೆ ಕೆರಳಿದ ಕ್ಲಿಯೋಪಾತ್ರ ಮೂರು ತಿಂಗಳೊಳಗೆ ಅಲೆಕ್ಸಾಂಡ್ರಿಯಾದಲ್ಲಿ ಅರಮನೆ ಕಟ್ಟಿಸುತ್ತೇನೆಂದು ಪಣ ತೊಡುತ್ತಾಳೆ. ಕೆಲಸ ಒಬ್ಬ ಕೈಲಾಗದ ವಾಸ್ತುಶಿಲ್ಪಿಯ ತಲೆಗೆ ಬೀಳುತ್ತದೆ. ಅವನು ಗಾಲ್ ನಾಡಿನ, ಅಂದರೆ ಇಂದಿನ ಫ್ರಾನ್ಸಿನ, ಆಸ್ಟೆರಿಕ್ಸ್, ಒಬೆಲಿಕ್ಸ್ ಮತ್ತವರ ಗೆಳೆಯರ ಬಳಿಗೆ ಓಡುತ್ತಾನೆ. ಈಜಿಪ್ಟಿನವರ ಮಾತಿನ ಗುಳ್ಳೆಗಳಲ್ಲಿ ಅಕ್ಷರಗಳ ಬದಲು ಪುಟ್ಟ ಪುಟ್ಟ ಚಿತ್ರಗಳು ಬರುತ್ತವೆ. ಸಿಂಹದ ಮೈಗೆ ಮನುಷ್ಯನ ಮುಖವಿರುವ ಸ್ಫಿಂಕ್ಸ್ ಮೂರ್ತಿಯ ಮೂಗಿನ ಪ್ರಸಂಗವಂತೂ ಗಮನವಿಟ್ಟು ನೋಡಬೇಕಾದದ್ದು. ಒಬೆಲಿಕ್ಸ್ ದೃಶ್ಯ ನೋಡಲೆಂದು ಮೇಲಕ್ಕೆ ಹತ್ತುತ್ತಾನೆ, ಮೂಗು ಕಳಚಿ ಬೀಳುತ್ತದೆ. ಅದನ್ನು ಕಂಡ ಸುತ್ತಲಿನ ಅಂಗಡಿಯವರು ತಾವು ಮಾರಾಟಕ್ಕಿಟ್ಟಿದ್ದ ಚಿಕ್ಕ ಚಿಕ್ಕ ಸ್ಫಿಂಕ್ಸ್‌ಗಳ ಮೂಗನ್ನೂ ಉಳಿಯಿಂದ ಒಡೆಯಲು ಕೂರುತ್ತಾರೆ. ಪ್ರವಾಸಿ ತಾಣದ ವ್ಯಾಪಾರವನ್ನು ಇಷ್ಟು ಚುಟುಕಾಗಿ ಹೇಳಿದವರು ಕಡಿಮೆ.

ಆದರೆ ಇದನ್ನು ಇತಿಹಾಸವೆಂದು ಮಕ್ಕಳಿಗೆ ಕೊಡುವಂತಿಲ್ಲ. ಕ್ಲಿಯೋಪಾತ್ರ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ, ಅವಳ ಕಾಲಕ್ಕೆ ಗೀಝಾದ ಮಹಾ ಪಿರಮಿಡ್ಡಿಗೆ ಎರಡೂವರೆ ಸಾವಿರ ವರ್ಷ ತುಂಬಿತ್ತು, ಅವಳ ಮನೆತನ ಗ್ರೀಕ್ ಮೂಲದ್ದು. ಪುಸ್ತಕ ಈ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತದೆ, ಅದೂ ಬೇಕೆಂದೇ. ಕಡಲ್ಗಳ್ಳರ ಹಡಗಿನ ಕಪ್ಪು ವರ್ಣದ ಕಾವಲುಗಾರನ ಚಿತ್ರಣ ಇಂದಿನ ಕಣ್ಣಿಗೆ ಹಿತವಲ್ಲ. ಚಿಕ್ಕವರ ಜೊತೆ ಓದುವಾಗ ಅಲ್ಲಿ ಒಂದು ಮಾತು ಆಡಿ ಮುಂದೆ ಹೋಗುವುದು ಒಳ್ಳೆಯದು. ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್‌ರಿಜ್ ಅವರ ಇಂಗ್ಲಿಷ್ ಅನುವಾದ ಮೂಲದ ನಗೆಯನ್ನು ಉಳಿಸಿಕೊಂಡಿದೆ, ಮತ್ತು ಇಲ್ಲಿ ಹೆಸರಿಸಿದ ಎಲ್ಲ ಪುಸ್ತಕಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದೂ ಇದೇ.

ಗ್ರೀಕರ ಈಜಿಪ್ಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕ್ಲಿಯೋಪಾತ್ರಳ ಅನಂತರ ರೋಮನ್ನರ ಕೈಸೇರಿದ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪಟ್ಟಣದ ಕಸದ ದಿಬ್ಬಗಳಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಕ್ಯಾರಿಟಿಯನ್ ಎಂಬ ಹೆಣ್ಣುಮಗಳನ್ನು ಅವಳ ಅಣ್ಣ ಮತ್ತು ಸಂಗಡಿಗರು ಅಲ್ಲಿಯ ರಾಜನಿಗೆ ಚೆನ್ನಾಗಿ ದ್ರಾಕ್ಷಾರಸ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಬರುವ ‘ಅನ್ಯಭಾಷೆ’ಯ ಮಾತುಗಳು ಕನ್ನಡವೆಂದು ಶಾಸನತಜ್ಞ ಹುಲ್ಟ್ಜ್ 1904ರಲ್ಲಿ ಸೂಚಿಸಿದರು, ಗೋವಿಂದ ಪೈ ಮೊದಲಾದವರು ಅದನ್ನು ಮುಂದುವರಿಸಿ ಚರ್ಚಿಸಿದರು, ವಿದ್ವಾಂಸರಲ್ಲಿ ಒಮ್ಮತ ಮಾತ್ರ ಮೂಡಲಿಲ್ಲ. ಭಾಷೆಯ ತೀರ್ಮಾನ ಏನೇ ಇರಲಿ, ಸೆರೆ, ಹಡಗು, ಕುಡಿದ ರಾಜ, ಪಲಾಯನ ಎಲ್ಲವೂ ಇರುವ ಇದನ್ನು ನಮ್ಮ ಚಿತ್ರಕಥೆಗಾರರು ಯಾರಾದರೂ ಕೈಗೆತ್ತಿಕೊಂಡರೆ ಈ ಮಾರ್ಗದರ್ಶಿಗೆ ಇನ್ನೊಂದು ಪುಸ್ತಕ ಸೇರುತ್ತದೆ.

ಮೂರನೆಯ ಬಗೆಯ ಪುಸ್ತಕಗಳು ಪ್ರಾಚೀನ ಈಜಿಪ್ಟಿನಲ್ಲಿ ನಡೆಯುವುದೇ ಇಲ್ಲ. ಅದನ್ನು ಅಗೆಯುವವರ ಕಾಲದಲ್ಲಿ ನಡೆಯುತ್ತವೆ. ಇವುಗಳಲ್ಲಿ ತೂಕದ್ದು ಎಡ್ಗರ್ ಪಿ. ಜೇಕಬ್ಸ್ ಅವರ ಬ್ಲೇಕ್ ಮತ್ತು ಮಾರ್ಟಿಮರ್ ಜೋಡಿಯ ‘ಮಹಾ ಪಿರಮಿಡ್ಡಿನ ರಹಸ್ಯ’. ‘ಟಿನ್‌ಟಿನ್’ ಪತ್ರಿಕೆಯಲ್ಲಿ 1950ರಿಂದ 1952ರವರೆಗೆ ಧಾರಾವಾಹಿಯಾಗಿ ಬಂದು, ಮುಂದೆ 1954 ಮತ್ತು 1955ರಲ್ಲಿ ಎರಡು ಸಂಪುಟಗಳಾಯಿತು. ಪ್ರೊಫೆಸರ್ ಮಾರ್ಟಿಮರ್ ಕೈರೋದ ವಸ್ತುಸಂಗ್ರಹಾಲಯಕ್ಕೆ ಬರುತ್ತಾನೆ. ಮನೆಥೊ ಬರೆದನೆನ್ನಲಾದ ಒಂದು ಪಪೈರಸ್ ಹಾಳೆ ಮಹಾ ಪಿರಮಿಡ್ಡಿನೊಳಗೆ ಹೋರಸ್ ದೇವರ ಕೋಣೆಯಿದೆ ಎನ್ನುತ್ತದೆ. ಹಳೆಯ ವೈರಿ ಓಲ್ರಿಕ್ ಕೂಡ ಅದರ ಬೆನ್ನುಹತ್ತಿದ್ದಾನೆ. ಮನೆಥೊ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ನಿಜವಾಗಿ ಇದ್ದ ಪೂಜಾರಿ, ತನ್ನ ನಾಡಿನ ಅರಸರ ಚರಿತ್ರೆಯನ್ನು ಗ್ರೀಕಿನಲ್ಲಿ ಬರೆದವನು. ಆ ಹಾಳೆ ಮತ್ತು ಕೋಣೆ ಮಾತ್ರ ಜೇಕಬ್ಸ್ ಅವರ ಕಲ್ಪನೆ. ಬೀದಿ, ಕಾರು, ಮ್ಯೂಸಿಯಂನ ಗಾಜಿನ ಪೆಟ್ಟಿಗೆಗಳನ್ನು ಅವರು ಬಿಡಿಸಿರುವ ಕಟ್ಟುನಿಟ್ಟು ಅಸಾಧಾರಣ. ತೊಂದರೆಯೆಂದರೆ ಬರಹದ ಭಾರ: ಮಾರ್ಟಿಮರ್ ಮೆಟ್ಟಿಲಿಳಿಯುವ ಚಿತ್ರದ ಮೇಲೆಯೇ ಅವನು ಎಚ್ಚರಿಕೆಯಿಂದ ಮೆಟ್ಟಿಲಿಳಿಯುತ್ತಿದ್ದಾನೆಂದು ಮೂರು ಸಾಲು ಬರೆದಿರುತ್ತದೆ. ಹದಿಮೂರು ದಾಟಿದ, ಪತ್ತೇದಾರಿ ಕಥೆಗಳ ರುಚಿಯಿರುವ ಓದುಗರಿಗೆ ಇದು ಹೇಳಿಮಾಡಿಸಿದ ಪುಸ್ತಕ. ಅದಕ್ಕಿಂತ ಚಿಕ್ಕವರು ಹತ್ತನೆಯ ಪುಟದಲ್ಲಿ ಕೈಬಿಡುತ್ತಾರೆ. ಕೊಳ್ಳುವುದಾದರೆ ಎರಡನ್ನೂ ಒಟ್ಟಿಗೆ ಕೊಳ್ಳಬೇಕು, ಏಕೆಂದರೆ ಮೊದಲನೆಯದು ನಡುಗಥೆಯಲ್ಲಿ ನಿಲ್ಲುತ್ತದೆ.

ಟಿನ್‌ಟಿನ್‌ನ ಫೇರೋ ಚುಟ್ಟಾಗಳ ಕಥೆಯನ್ನು ಈಜಿಪ್ಟಿನ ಪುಸ್ತಕವೆಂದು ಕೊಳ್ಳುವವರಿಗೆ ನಿರಾಸೆ ಕಾದಿದೆ. 1922ರಲ್ಲಿ ಟುಟಾಂಖಾಮನ್‌ನ ಸಮಾಧಿ ದೊರೆತ ಮೇಲೆ ಹಬ್ಬಿದ ಶಾಪದ ವದಂತಿಯಿಂದ ಹುಟ್ಟಿದ ಈ ಕಥೆಯಲ್ಲಿ ಸಮಾಧಿಯ ಪ್ರಸಂಗ ಆರಂಭದಲ್ಲಿಯೇ ಮುಗಿದು, ಅರೇಬಿಯಾದ ಮರುಭೂಮಿಯನ್ನು ದಾಟಿ, ಭಾರತದ ಕಾಲ್ಪನಿಕ ಸಂಸ್ಥಾನವೊಂದರಲ್ಲಿ ಆನೆ, ಮಹಾರಾಜ, ಫಕೀರರ ನಡುವೆ ಕೊನೆಯಾಗುತ್ತದೆ.

ಜಪಾನಿನ ಕಡೆಗೆ ತಿರುಗಿದರೆ ಎಲ್ಲ ಅಳತೆಗಳೂ ಬದಲಾಗುತ್ತವೆ. ಚಿಯೆಕೊ ಹೊಸೊಕಾವಾ ಅವರ ‘ಓಕೆ ನೊ ಮೊನ್ಶೊ’ 1976ರಲ್ಲಿ ಹುಡುಗಿಯರ ಮಾಸಪತ್ರಿಕೆ ‘ಪ್ರಿನ್ಸೆಸ್’ನಲ್ಲಿ ಆರಂಭವಾಗಿ ಅರವತ್ತಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆದ ಸರಣಿ. ಕೈರೋದಲ್ಲಿ ಪುರಾತತ್ತ್ವ ಕಲಿಯುತ್ತಿರುವ ಹೊಂಗೂದಲಿನ ಅಮೆರಿಕನ್ ಹುಡುಗಿ ಕ್ಯಾರಲ್, ಯುವ ಅರಸ ಮೆಂಫಿಸ್‌ನ ಸಮಾಧಿಯನ್ನು ತೆರೆದ ಪರಿಣಾಮವಾಗಿ ಮೂರು ಸಾವಿರ ವರ್ಷ ಹಿಂದಕ್ಕೆ ಸೆಳೆಯಲ್ಪಟ್ಟು ಅದೇ ಅರಸನನ್ನು ಪ್ರೀತಿಸುತ್ತಾಳೆ. ನನ್ನ ಪ್ರಶ್ನೆಗೆ ಅತ್ಯಂತ ಸ್ವಾರಸ್ಯಕರ ಉತ್ತರ ಸಿಗುವುದು ಇಲ್ಲಿಯೇ: ಪರಸ್ಥಳದವಳಾಗಿ ಬಂದವಳು ಆ ಊರಿನವಳಾಗುವುದೇ ಇಡೀ ಕಥೆ. ಆದರೆ ನೆರೆಹೊರೆಯ ರಾಜ್ಯಗಳ ಅರಸರು ಒಬ್ಬರಾದ ಮೇಲೊಬ್ಬರು ಅವಳನ್ನು ಅಪಹರಿಸುತ್ತಲೇ ಹೋಗುವುದರಿಂದ ಪ್ರಾಚೀನ ಜಗತ್ತಿನ ಭೂಪಟವೆಲ್ಲ ಪರಿಚಯವಾಗುತ್ತದೆಯೇ ಹೊರತು ಕಥೆ ದಡ ಸೇರುವುದಿಲ್ಲ. ಪ್ರೇಮ, ರಾಜಕೀಯ, ಕಾಲಪ್ರಯಾಣ ಇವೇ ಬೇಕಾಗಿದ್ದು ಕೊನೆಯೂ ಬೇಕೆನ್ನುವವರಿಗೆ ಚಿಯೆ ಶಿನೊಹಾರಾ ಅವರ ‘ರೆಡ್ ರಿವರ್’ ವಾಸಿ. ಅದು 28 ಸಂಪುಟಗಳಲ್ಲಿ ಮುಗಿದಿದೆ, ಪೂರ್ತಿಯಾಗಿ ಇಂಗ್ಲಿಷಿಗೂ ಬಂದಿದೆ. ಅದರ ಮುಖ್ಯ ಭೂಮಿ ಈಜಿಪ್ಟಲ್ಲ, ಅದರ ಎದುರಾಳಿಯಾಗಿದ್ದ ಹಿಟೈಟರ ರಾಜ್ಯ. ಗಂಡನನ್ನು ಕಳೆದುಕೊಂಡ ಈಜಿಪ್ಟಿನ ರಾಣಿಯೊಬ್ಬಳು ಹಿಟೈಟರ ದೊರೆಗೆ ಪತ್ರ ಬರೆದು ಅವನ ಮಗನೊಬ್ಬನನ್ನು ವರನಾಗಿ ಕೇಳಿದ್ದು, ಹೊರಟ ಆ ರಾಜಕುಮಾರ ಸತ್ತುಹೋದದ್ದು ಮಣ್ಣಿನ ಫಲಕಗಳಲ್ಲಿ ದಾಖಲಾದ ಘಟನೆ. ಕಥೆ ಅದನ್ನು ತನ್ನೊಳಗೆ ಚೆನ್ನಾಗಿ ನೇಯ್ದುಕೊಂಡಿದೆ. ಎರಡೂ ಕಪ್ಪುಬಿಳುಪಿನವು, ಮತ್ತು ಎರಡೂ ಚಿಕ್ಕ ಮಕ್ಕಳಿಗೆ ತಕ್ಕವಲ್ಲ.

ಫ್ರೆಂಚ್ ಬಲ್ಲವರಿಗೆ ಮಾತ್ರ ತೆರೆದಿರುವ ಬಾಗಿಲು ಇಸಾಬೆಲ್ ದೆತಾಂ ಅವರ ಹೋರಸ್‌ನ ನಾಡಿನ ಸರಣಿ. ಎಂಟು ಸಂಪುಟಗಳ ಇದರ ನಾಯಕ ಖಎಮ್‌ವಾಸೆಟ್. ಎರಡನೆಯ ರಾಮ್ಸೆಸ್‌ನ ಈ ಮಗ, ಅಂದರೆ ನಮ್ಮ ಮೆರ್ನೆಪ್ಟಾನ ಅಣ್ಣ, ನಿಜಕ್ಕೂ ಪ್ಟಾ ದೇವರ ಪ್ರಧಾನ ಪೂಜಾರಿಯಾಗಿದ್ದು, ತನಗಿಂತ ಸಾವಿರ ವರ್ಷ ಹಿಂದಿನ ಸ್ಮಾರಕಗಳನ್ನು ಜೀರ್ಣೋದ್ಧಾರ ಮಾಡಿಸಿ ಅವುಗಳ ಮೇಲೆ ಕಟ್ಟಿಸಿದವರ ಹೆಸರು ಬರೆಸಿದ ವಿದ್ವಾಂಸ. ಅಂಥವನನ್ನು ಕೊಲೆ ಕಳ್ಳತನಗಳ ತನಿಖೆಗೆ ಇಳಿಸಿದ್ದು ಸೊಗಸಾದ ಯೋಚನೆ, ಜಲವರ್ಣದ ಚಿತ್ರಗಳೂ ಅದಕ್ಕೆ ಒಪ್ಪುತ್ತವೆ. ಪ್ರೌಢರಿಗಾಗಿ ಬರೆದ ಪಪೈರಸ್ ಎಂದರೆ ಇದೇ ಎನ್ನಬಹುದು.

ಆಯ್ಕೆಯ ಮಾತಿಗೆ ಬಂದರೆ, ಎಂಟರಿಂದ ಹತ್ತು ವರ್ಷದ ಮಗುವಿಗೆ ಒಂದೇ ಪುಸ್ತಕ ಕೊಡಬೇಕೆಂದಿದ್ದಲ್ಲಿ ಆಸ್ಟೆರಿಕ್ಸ್ ಸಾಕು, ನಗು ಖಾತರಿ. ಆದರೆ ಮಗು ಮಮ್ಮಿಯನ್ನು ಹೇಗೆ ಮಾಡುತ್ತಿದ್ದರು, ನರಿಮುಖದ ದೇವರು ಯಾರು ಎಂದು ಪೀಡಿಸುವ ಹಂತಕ್ಕೆ ಬಂದಿದ್ದರೆ ಪಪೈರಸ್ ಕೊಡಬೇಕು, ಏಕೆಂದರೆ ಅಲ್ಲಿ ದೇವರುಗಳು ತಮಾಷೆಯ ವಸ್ತುವಲ್ಲ, ಹೆದರಬೇಕಾದ, ಬೇಡಿಕೊಳ್ಳಬೇಕಾದ ಶಕ್ತಿಗಳು; ಗುಡಿಗೆ ಹೋಗಿ ಕೈಮುಗಿಯುವ ಅಭ್ಯಾಸವಿರುವ ಮನೆಯ ಮಗುವಿಗೆ ಇದು ಬೇಗ ಹಿಡಿಸುತ್ತದೆ. ನೈಲ್ ಪ್ರವಾಸಕ್ಕೆ ಹೊರಟಿರುವ ದೊಡ್ಡವರೂ ಅಬು ಸಿಂಬೆಲ್ಲಿನ ಸಂಪುಟವನ್ನು ಓದಿ ಹೋದರೆ ಮಾರ್ಗದರ್ಶಕರ ಅರ್ಧ ವಿವರಣೆ ಮೊದಲೇ ತಿಳಿದಿರುತ್ತದೆ. ಜೇಕಬ್ಸ್ ಮತ್ತು ದ ಗೀಟರ್ ನಡುವೆ ತೂಗಾಡುವವರು ತಮಗೆ ಒಗಟು ಇಷ್ಟವೋ ಓಟ ಇಷ್ಟವೋ ಎಂದು ಕೇಳಿಕೊಳ್ಳಲಿ.

ಖರೀದಿಯ ಬಗ್ಗೆ ಕೊನೆಯದಾಗಿ ಎರಡು ಮಾತು. ಬೆಲ್ಜಿಯಂ ಮಾದರಿಯ ಒಂದು ಸಂಪುಟವೆಂದರೆ ದೊಡ್ಡ ಆಕಾರದ, ನಲವತ್ತಾರು ನಲವತ್ತೆಂಟು ಪುಟಗಳ ಬಣ್ಣದ ಪುಸ್ತಕ; ಪುಟದ ಲೆಕ್ಕದಲ್ಲಿ ನೋಡಿದರೆ ಮಾಂಗಾ ಎನ್ನುವ ಜಪಾನಿನ ಚಿತ್ರಕಥೆಗಿಂತ ಬಹಳ ದುಬಾರಿ. ಆದ್ದರಿಂದ ಪಪೈರಸ್‌ನ ಒಂದು ಸಂಪುಟವನ್ನು ಓದಿ ನೋಡದೆ ಇಡೀ ಕಟ್ಟನ್ನು ತರಿಸಬೇಡಿ. ಬೆಂಗಳೂರಿನಲ್ಲಿರುವವರು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳನ್ನು ಮೊದಲು ಹುಡುಕಬಹುದು. ಫ್ರೆಂಚ್ ಕಲಿಯುತ್ತಿರುವವರಿಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನ ಗ್ರಂಥಾಲಯವಿದೆ. ಪಪೈರಸ್‌ನ ಫ್ರೆಂಚ್ ಸರಳವಾದದ್ದು, ವಾಕ್ಯಗಳು ಚಿಕ್ಕವು. ಎರಡನೆಯ ವರ್ಷದ ವಿದ್ಯಾರ್ಥಿ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಬಲ್ಲ. ದೆತಾಂ ಅವರದಕ್ಕೆ ಇನ್ನೊಂದೆರಡು ವರ್ಷ ಕಾಯಬೇಕಾದೀತು.